ಒಂದನೆಯ ತರಗತಿಯಲ್ಲಿ ಮಗು ಏನನ್ನು ಕಲಿಯುತ್ತದೆ: ಪಾಲಕರಿಗೆ ಮಾಹಿತಿ

ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಲ್ಲಿ ಒಂದನೆಯ ತರಗತಿಗೆ ಮಕ್ಕಳನ್ನು ದಾಖಲಿಸುವ ಪಾಲಕರು, ಆ ವರ್ಷದಲ್ಲಿ ಮಗು ಏನನ್ನು ಯಾವ ಕ್ರಮದಲ್ಲಿ ಕಲಿಯುತ್ತದೆ ಹಾಗೂ ಮನೆಯಲ್ಲಿ ಅದಕ್ಕೆ ಹೇಗೆ ನೆರವಾಗಬಹುದು ಎಂಬುದನ್ನು ತಿಳಿದಿರುವುದು ಅಗತ್ಯ. ಈ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಜೂನ್ ತಿಂಗಳಲ್ಲಿ ಶಾಲೆಗೆ ಸೇರಿದ ಮಗುವಿನ ಪಾಲಕರು ದಸರಾ ರಜೆಯ ಹೊತ್ತಿಗೆ ಶಿಕ್ಷಕರ ಬಳಿ ಬಂದು ಹೇಳುವ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಮಗುವಿಗೆ ಇನ್ನೂ ಅ ಆ ಇ ಈ ಪೂರ್ತಿ ಬರೆಯಲು ಬರುವುದಿಲ್ಲ; ಶಾಲೆಯಲ್ಲಿ ಹಾಡುತ್ತಾರೆ, ಕುಣಿಯುತ್ತಾರೆ, ಬಣ್ಣದ ಕಾರ್ಡು ಹಿಡಿದು ಕುಳಿತಿರುತ್ತಾರೆ, ಪಾಠ ಯಾವಾಗ ಆರಂಭವಾಗುತ್ತದೆ ಎಂಬುದು ಅವರ ಪ್ರಶ್ನೆ. ಪಕ್ಕದ ಮನೆಯ ಮಗು ಎಲ್.ಕೆ.ಜಿ.ಯಲ್ಲಿಯೇ ವರ್ಣಮಾಲೆಯನ್ನು ಒಪ್ಪಿಸುತ್ತದೆ ಎಂಬ ಹೋಲಿಕೆಯೂ ಅದರೊಂದಿಗೆ ಸೇರಿರುತ್ತದೆ. ಕೆಲವರು ಇದೇ ಕಾರಣದಿಂದ ವರ್ಷದ ನಡುವೆ ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಮತ್ತೆ ಕೆಲವರು ಮನೆಯಲ್ಲಿ ಬೆತ್ತ ಹಿಡಿದು ಅಕ್ಷರ ತಿದ್ದಿಸಲು ತೊಡಗುತ್ತಾರೆ. ಮಗು ಆ ವೇಳೆಗಾಗಲೇ ಕಲಿತಿರುವುದು ಏನು ಎಂಬುದು ಪಾಲಕರಿಗೆ ಕಾಣದಿರುವುದರಿಂದಲೇ ಈ ಎರಡೂ ಸಂಭವಿಸುತ್ತವೆ.

ಅ ಆ ಇ ಈ ಬದಲಿಗೆ ರ ಗ ಸ ದ ಅ

ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಿಸಲಾಯಿತು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಕುಳಿತು ಸಿದ್ಧಪಡಿಸಿದರು. 2009-10ನೇ ಸಾಲಿನಲ್ಲಿ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಲಾಯಿತು.

ಈ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲ ಗುಂಪಿನಲ್ಲಿ ಬರುವ ಅಕ್ಷರಗಳು ರ, ಗ, ಸ, ದ, ಅ. ಅನಂತರ ಜ, ವ, ಮ, ಬ, ನ. ಪಾಲಕರಿಗೆ ವಿಚಿತ್ರವೆನಿಸುವ ಈ ಕ್ರಮಕ್ಕೆ ಸರಳವಾದ ಕಾರಣವಿದೆ. ವರ್ಣಮಾಲೆಯನ್ನು ಮೊದಲಿನಿಂದ ಕಲಿಯುವ ಮಗುವಿಗೆ ಆರಂಭದಲ್ಲಿ ದೊರೆಯುವುದೆಲ್ಲ ಸ್ವರಗಳೇ. ಸ್ವರಗಳ ಪೂರ್ಣ ರೂಪವು ಸಾಮಾನ್ಯವಾಗಿ ಪದದ ಮೊದಲಿನಲ್ಲಿ ಮಾತ್ರ ಬರುತ್ತದೆ. ಆದ್ದರಿಂದ ಹತ್ತು ಸ್ವರಗಳನ್ನು ಕಲಿತ ಮಗುವೂ ‘ಆ’, ‘ಈ’ ಎಂಬ ಸಣ್ಣ ಮಾತುಗಳ ಹೊರತು ಹೆಚ್ಚೇನನ್ನೂ ಓದಲಾರದು. ಅದರಲ್ಲಿಯೂ ‘ಋ’ ಅಕ್ಷರವನ್ನು ತಿದ್ದಿ ತಿದ್ದಿ ಕಲಿತ ಆರು ವರ್ಷದ ಮಗುವಿಗೆ ಅದನ್ನು ಬಳಸುವ ಸಂದರ್ಭ ಬಹಳ ದಿನ ಬರುವುದೇ ಇಲ್ಲ.

ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಕಲಿತ ಮಗುವಾದರೋ ಅದೇ ವಾರದಲ್ಲಿ ಸರ, ರಸ, ದರ, ಅಗಸ, ಅರಸ, ಗರಗಸ ಎಂಬ ಪದಗಳನ್ನು ಓದಬಲ್ಲದು. ಇವುಗಳಲ್ಲಿ ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ. ಎರಡನೆಯ ಗುಂಪಿನ ಅಕ್ಷರಗಳು ಸೇರಿದ ಕೂಡಲೇ ಮರ, ಜನ, ನಗರ, ಬಸವ, ಗಮನ ಎಂಬ ಪದಗಳೂ, ‘ಅರಸನ ವನ’ ಎಂಬಂತಹ ಎರಡು ಪದಗಳ ಜೋಡಣೆಯೂ ಸಾಧ್ಯವಾಗುತ್ತವೆ. ಅಕ್ಷರವೆಂಬುದು ಬರಿಯ ಗೆರೆಯಲ್ಲ, ಅದನ್ನು ಜೋಡಿಸಿದರೆ ತನಗೆ ಗೊತ್ತಿರುವ ಒಂದು ಮಾತು ಹೊರಡುತ್ತದೆ ಎಂಬ ತಿಳಿವಳಿಕೆ ಮಗುವಿಗೆ ಹೀಗೆ ಮೊದಲ ತಿಂಗಳುಗಳಲ್ಲಿಯೇ ಬರುತ್ತದೆ. ವರ್ಣಮಾಲೆಯ 49 ಅಕ್ಷರಗಳ ಕ್ರಮವನ್ನು ಅನಂತರ ಕಲಿಸಲಾಗುತ್ತದೆ. ನಿಘಂಟು ನೋಡುವ ವಯಸ್ಸಿಗೆ ಆ ಕ್ರಮ ಬೇಕು.

ಆದಕಾರಣ ದಸರಾ ರಜೆಯಲ್ಲಿ ಮಗುವನ್ನು ಪರೀಕ್ಷಿಸಬಯಸುವ ಪಾಲಕರು ‘ಅ ಆ ಇ ಈ ಬರೆ’ ಎಂದು ಹೇಳುವುದರ ಬದಲು, ಮಗುವಿಗೆ ಬರುವ ಅಕ್ಷರಗಳು ಯಾವುವು ಎಂದು ಅದನ್ನೇ ಕೇಳಿ, ಆ ಅಕ್ಷರಗಳಿಂದಾಗುವ ಒಂದು ಪದವನ್ನು ಬರೆದು ತೋರಿಸಿ ಓದಲು ಹೇಳುವುದು ಸೂಕ್ತ. ಮಗು ಆ ಪದವನ್ನು ಹಿಂದೆ ನೋಡಿರದಿದ್ದರೂ ಓದಿದರೆ, ಅದು ಓದಲು ಕಲಿಯುತ್ತಿದೆ ಎಂದೇ ಅರ್ಥ.

ಏಣಿ, ಕಾರ್ಡು, ತಟ್ಟೆ

ನಲಿ-ಕಲಿ ಕೊಠಡಿಯಲ್ಲಿ ಮಕ್ಕಳು ಸಾಲು ಬೆಂಚುಗಳಲ್ಲಿ ಕುಳಿತು ಒಂದೇ ಪುಟವನ್ನು ತೆರೆದಿರುವ ದೃಶ್ಯ ಕಾಣುವುದಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಕಲಿಯಬೇಕಾದುದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ, ಹಲವು ಮೆಟ್ಟಿಲುಗಳನ್ನು ಸೇರಿಸಿ ಒಂದೊಂದು ಮೈಲಿಗಲ್ಲು ಎಂದು ಗುರುತಿಸಲಾಗಿದೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಒಂದು ಚಿತ್ರದ ಗುರುತು ಇರುತ್ತದೆ. ಮಗು ಏಣಿಯಲ್ಲಿ ತಾನಿರುವ ಜಾಗವನ್ನು ನೋಡಿಕೊಂಡು ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಬರುತ್ತದೆ. ಕಾರ್ಡಿನ ಚಟುವಟಿಕೆಗೆ ಅನುಸಾರವಾಗಿ ಅದು ಐದು ಗುಂಪುಗಳಲ್ಲಿ ಒಂದರಲ್ಲಿ ಕುಳಿತುಕೊಳ್ಳುತ್ತದೆ. ಈ ಗುಂಪುಗಳಿಗೆ ತಟ್ಟೆಗಳೆಂದು ಹೆಸರು. ಶಿಕ್ಷಕರ ಸಂಪೂರ್ಣ ಸಹಾಯದ ತಟ್ಟೆ, ಭಾಗಶಃ ಸಹಾಯದ ತಟ್ಟೆ, ಗೆಳೆಯರ ಸಂಪೂರ್ಣ ಸಹಾಯದ ತಟ್ಟೆ, ಭಾಗಶಃ ಸಹಾಯದ ತಟ್ಟೆ ಹಾಗೂ ಸ್ವಕಲಿಕೆಯ ತಟ್ಟೆ ಎಂಬವೇ ಆ ಐದು.

‘ಮೇಷ್ಟ್ರು ನಮ್ಮ ಮಗುವನ್ನು ಬೇರೆ ಮಕ್ಕಳ ಜೊತೆ ಬಿಟ್ಟಿದ್ದರು’ ಎಂದು ಆಕ್ಷೇಪಿಸುವ ಪಾಲಕರು ನೋಡಿರುವುದು ಸಾಮಾನ್ಯವಾಗಿ ಗೆಳೆಯರ ಸಹಾಯದ ತಟ್ಟೆಯನ್ನು. ಅದು ನಿರ್ಲಕ್ಷ್ಯವಲ್ಲ. ಬೇರೆ ಬೇರೆ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕಲಿಯುವ ಈ ವ್ಯವಸ್ಥೆಯಲ್ಲಿ, ಮುಂದಿನ ಮೆಟ್ಟಿಲಿನಲ್ಲಿರುವ ಮಗು ಹಿಂದಿನ ಮೆಟ್ಟಿಲಿನ ಮಗುವಿಗೆ ಹೇಳಿಕೊಡುವುದು ಇಬ್ಬರಿಗೂ ಪಾಠವೇ ಆಗಿರುತ್ತದೆ. ಹಾಗೆಂದು ಶಿಕ್ಷಕರ ತಟ್ಟೆಗೆ ಮಗು ವಾರಗಟ್ಟಲೆ ಬಾರದೆ ಇದ್ದರೆ ಅದನ್ನು ಕೇಳುವ ಹಕ್ಕು ಪಾಲಕರಿಗೆ ಇದೆ, ಕೇಳಲೂಬೇಕು.

ಗೋಡೆಯ ಮೇಲೆ ಪ್ರಗತಿ ನೋಟ ಎಂಬ ಮತ್ತೊಂದು ಪಟ್ಟಿ ಇರುತ್ತದೆ. ಪ್ರತಿ ಮಗುವಿನ ಹೆಸರಿನ ಮುಂದೆ ಅದು ಮುಗಿಸಿದ ಮೈಲಿಗಲ್ಲುಗಳನ್ನು ಅದರಲ್ಲಿ ಗುರುತಿಸಲಾಗುತ್ತದೆ. ಶಾಲೆಗೆ ಭೇಟಿ ನೀಡುವ ಪಾಲಕರು ‘ನಮ್ಮ ಮಗು ಎಷ್ಟನೇ ಸ್ಥಾನದಲ್ಲಿದೆ’ ಎಂದು ಕೇಳಿದರೆ ಅದಕ್ಕೆ ಉತ್ತರವಿರುವುದಿಲ್ಲ. ‘ಯಾವ ಮೈಲಿಗಲ್ಲಿನಲ್ಲಿದೆ, ಹಿಂದಿನ ಸಲ ಬಂದಾಗ ಎಲ್ಲಿತ್ತು’ ಎಂದು ಕೇಳಿದರೆ ಶಿಕ್ಷಕರು ಆ ಪಟ್ಟಿಯನ್ನು ತೋರಿಸಿ ವಿವರಿಸಬಲ್ಲರು.

‘ಅಮ್ಮ’ ಎಂದು ಬರೆಯುವುದು ತಡವಾಗುವುದೇಕೆ

ಮಗು ಮೊಟ್ಟಮೊದಲು ಬರೆಯಲು ಬಯಸುವ ಪದಗಳು ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಇವೆಲ್ಲವೂ ಒತ್ತಕ್ಷರದ ಪದಗಳು. ಒತ್ತಕ್ಷರವೋ ಕಲಿಕಾ ಏಣಿಯಲ್ಲಿ ಬಹಳ ಮೇಲಿನ ಮೆಟ್ಟಿಲು. ಮೂಲಾಕ್ಷರಗಳು, ಅವುಗಳಿಂದಾಗುವ ಸರಳ ಪದಗಳು, ಕಾಗುಣಿತದ ಒಂದೊಂದೇ ಗುರುತು, ಅನುಸ್ವಾರ ಇವೆಲ್ಲ ಆದ ಮೇಲೆ ಒತ್ತಕ್ಷರದ ಸರದಿ. ಆದ್ದರಿಂದ ಮಗು ‘ಅಮ’ ಎಂದು ಬರೆದು ತಾಯಿಗೆ ತೋರಿಸಿದರೆ ಅದನ್ನು ತಪ್ಪೆಂದು ಕೆಂಪು ಗೆರೆ ಎಳೆಯುವ ಅಗತ್ಯವಿಲ್ಲ. ಮಗು ಆ ಪದದಲ್ಲಿ ತನಗೆ ಕೇಳಿಸಿದ ಅಕ್ಷರಗಳನ್ನು ಸರಿಯಾಗಿಯೇ ಬರೆದಿದೆ. ‘ಹಪಳ’, ‘ಬೆಕು’ ಎಂಬ ಬರವಣಿಗೆಯೂ ಇದೇ ಹಂತದ್ದು. ಪಾಲಕರು ಅದರ ಕೆಳಗೆ ಸರಿಯಾದ ರೂಪವನ್ನು ಬರೆದು, ಎರಡನ್ನೂ ಓದಿ ತೋರಿಸಿದರೆ ಸಾಕು.

ಹಾಗೆಯೇ ನ ಮತ್ತು ಸ, ವ ಮತ್ತು ಮ, ಪ ಮತ್ತು ಷ ಅಕ್ಷರಗಳನ್ನು ಒಂದಕ್ಕೆ ಬದಲಾಗಿ ಇನ್ನೊಂದನ್ನು ಬರೆಯುವುದು, ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಮಗು ಪರಿಚಿತ ಪುಟವೊಂದನ್ನು ಪುಸ್ತಕ ನೋಡದೆಯೇ ‘ಓದಿ’ಬಿಡುವುದುಂಟು. ಇದನ್ನು ಮೋಸವೆಂದು ಕೆಲವು ಪಾಲಕರು ಬೈಯುತ್ತಾರೆ. ಓದುವವರಂತೆ ನಟಿಸುವುದು ಓದುವುದಕ್ಕೆ ಮೊದಲಿನ ಮೆಟ್ಟಿಲು. ಅಂತಹ ಪುಟದಲ್ಲಿ ಒಂದು ಪದದ ಮೇಲೆ ಬೆರಳಿಟ್ಟು ‘ಇದು ಯಾವುದು’ ಎಂದು ಕೇಳಿದರೆ ಮಗು ತಾನಾಗಿ ಅಕ್ಷರದ ಕಡೆಗೆ ತಿರುಗುತ್ತದೆ.

ಬರವಣಿಗೆಗೆ ಬೆರಳಿನ ಬಲವೂ ಬೇಕು. ಕನ್ನಡ ಅಕ್ಷರಗಳು ಬಹುಪಾಲು ದುಂಡಾದವು. ದುಂಡನೆಯ ಗೆರೆಯನ್ನು ಒಂದೇ ಓಟದಲ್ಲಿ ತಿರುಗಿಸಿ ಮುಗಿಸುವುದು ಎಳೆಯ ಮಣಿಕಟ್ಟಿಗೆ ಕಷ್ಟ. ಅವರೆಕಾಯಿ ಸುಲಿಯುವುದು, ಚಪಾತಿ ಹಿಟ್ಟನ್ನು ನಾದುವುದು, ದಾರಕ್ಕೆ ಹೂ ಪೋಣಿಸುವುದು, ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಎಳೆಯುವುದು, ತಟ್ಟೆಯಲ್ಲಿ ರಾಗಿ ಹರಡಿ ಅದರ ಮೇಲೆ ಬೆರಳಿನಿಂದ ಬರೆಯುವುದು ಇವು ಪೆನ್ಸಿಲ್ ಹಿಡಿಯುವ ಕೈಯನ್ನು ಸಿದ್ಧಗೊಳಿಸುತ್ತವೆ. ಗಂಡುಮಕ್ಕಳಿಗೂ ಈ ಕೆಲಸಗಳನ್ನು ಕೊಡಬೇಕು. ಒಂದೇ ಅಕ್ಷರವನ್ನು ಪುಟ ತುಂಬ ನೂರು ಸಲ ಬರೆಸುವುದರಿಂದ ಕೊನೆಯ ಸಾಲಿನ ಅಕ್ಷರಗಳು ಮೊದಲ ಸಾಲಿಗಿಂತ ಕೆಟ್ಟಿರುತ್ತವೆ ಎಂಬುದನ್ನು ಯಾವ ಪಾಲಕರಾದರೂ ಮಗುವಿನ ಹಳೆಯ ಪುಸ್ತಕವನ್ನು ತೆರೆದು ನೋಡಬಹುದು.

ಮನೆಯ ಮಾತು, ಶಾಲೆಯ ಮಾತು

ಮನೆಯಲ್ಲಿ ಕನ್ನಡವಿದ್ದರೂ ಅದು ಪುಸ್ತಕದ ಕನ್ನಡವಾಗಿರುವುದಿಲ್ಲ. ಧಾರವಾಡದ ಕಡೆಯ ಮಗುವಿಗೆ ‘ಮನೆ’ ಎಂಬುದು ‘ಮನಿ’. ಮಂಡ್ಯದ ಕಡೆಯ ಅನೇಕ ಮನೆಗಳಲ್ಲಿ ‘ಹಾಲು’ ಎಂಬುದು ‘ಆಲು’. ಮಗು ಕೇಳಿದಂತೆ ಬರೆಯುತ್ತದೆ. ಅದರ ಮಾತನ್ನು ಹೀಯಾಳಿಸಿದರೆ ಅದು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ಹೀಗೆ ಹೇಳುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ ಎಂದು ಎರಡನ್ನೂ ಜೊತೆಯಲ್ಲಿಟ್ಟು ಹೇಳುವುದು ಶಿಕ್ಷಕರಿಗೂ ಪಾಲಕರಿಗೂ ಸುಲಭದ ದಾರಿ.

ತುಳು, ಕೊಂಕಣಿ, ಕೊಡವ, ಲಂಬಾಣಿ, ಉರ್ದು, ತೆಲುಗು, ಮರಾಠಿ ಮುಂತಾದ ಭಾಷೆಗಳನ್ನು ಮನೆಯಲ್ಲಿ ಆಡುವ ಮಕ್ಕಳು ರಾಜ್ಯದ ಕನ್ನಡ ಶಾಲೆಗಳಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಮಗುವಿಗೆ ಕನ್ನಡ ಬೇಗ ಬರಲೆಂದು ತಂದೆತಾಯಿಗಳು ತಮಗೇ ಸರಿಯಾಗಿ ಬಾರದ ಕನ್ನಡದಲ್ಲಿ ಅದರೊಂದಿಗೆ ಮಾತನಾಡಲು ಯತ್ನಿಸುವುದು ಕಂಡುಬರುತ್ತದೆ. ಇದರಿಂದ ಮಾತು ಚುಟುಕಾಗುತ್ತದೆ. ಕಥೆ, ವಿವರಣೆ, ತಮಾಷೆ ಎಲ್ಲವೂ ಕಡಿಮೆಯಾಗುತ್ತವೆ. ಮನೆಯ ಭಾಷೆಯಲ್ಲಿ ಉದ್ದುದ್ದ ಮಾತನಾಡಬಲ್ಲ ಮಗು ಶಾಲೆಯ ಭಾಷೆಯನ್ನೂ ಕಲಿಯುತ್ತದೆ. ಇಂಗ್ಲಿಷ್ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಪರಿಚಯಿಸಲಾಗಿದೆ. ಮೊದಲ ವರ್ಷದಲ್ಲಿ ಅದು ಮುಖ್ಯವಾಗಿ ಕೇಳುವ, ಹಾಡುವ, ಸಣ್ಣ ಮಾತುಗಳಿಗೆ ಉತ್ತರಿಸುವ ಕಲಿಕೆ.

ಎಣಿಸುವುದು ಮತ್ತು ಎಣಿಕೆ ಹೇಳುವುದು

ಗಣಿತವು ಅಂಕಿಗಳಿಂದ ಆರಂಭವಾಗುವುದಿಲ್ಲ. ದೊಡ್ಡದು ಚಿಕ್ಕದು, ಹೆಚ್ಚು ಕಡಿಮೆ, ಒಳಗೆ ಹೊರಗೆ, ಮುಂದೆ ಹಿಂದೆ ಎಂಬ ಹೋಲಿಕೆಗಳು ಮೊದಲು ಬರುತ್ತವೆ. ಅನಂತರ 1ರಿಂದ 9, ಸೊನ್ನೆ, ಹತ್ತರ ಕಟ್ಟು, ಹೀಗೆ ಮುಂದುವರಿಯುತ್ತದೆ.

ನೂರರವರೆಗೆ ಗಟ್ಟಿಯಾಗಿ ಹೇಳುವ ಮಗುವಿನ ಮುಂದೆ ಹದಿನಾಲ್ಕು ಹುಣಸೆಬೀಜಗಳನ್ನಿಟ್ಟು ಎಷ್ಟೆಂದು ಕೇಳಿದರೆ ಹದಿನಾರು ಎಂದೋ ಹನ್ನೆರಡು ಎಂದೋ ಹೇಳಬಹುದು. ಎಣಿಕೆ ಹೇಳುವುದು ಹಾಡಿನಂತೆ ಬಾಯಿಗೆ ಬರುತ್ತದೆ. ಒಂದು ಬೀಜಕ್ಕೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬ ತಿಳಿವಳಿಕೆ ಬೇರೆಯೇ. ಒಂದನೆಯ ತರಗತಿಯ ಗಣಿತದ ತಿರುಳು ಅಲ್ಲಿದೆ. ಕನ್ನಡದ ಸಂಖ್ಯಾವಾಚಕಗಳಲ್ಲಿಯೂ ಕೆಲವು ತೊಡಕುಗಳಿವೆ. ಇಪ್ಪತ್ತೊಂದು, ಮೂವತ್ತೆರಡು ಎಂಬ ಪದಗಳಲ್ಲಿ ಹತ್ತು ಮತ್ತು ಬಿಡಿ ಎರಡೂ ಸ್ಪಷ್ಟವಾಗಿ ಕೇಳಿಸುತ್ತವೆ. ಹನ್ನೊಂದು, ಹನ್ನೆರಡು ಎಂಬಲ್ಲಿ ಹತ್ತು ಅಷ್ಟು ಸ್ಪಷ್ಟವಿಲ್ಲ. ಒಂಬತ್ತು, ಹತ್ತೊಂಬತ್ತು, ಎಂಬತ್ತು, ತೊಂಬತ್ತು ಎಂಬವು ಎಳೆಯ ಕಿವಿಗೆ ಒಂದೇ ಕುಟುಂಬದವು. ಇಲ್ಲಿ ಎಡವುವ ಮಗುವಿಗೆ ಗಣಿತ ಬಾರದೆಂದು ತಿಳಿಯಬಾರದು. ಹತ್ತು ಕಡ್ಡಿಗಳ ಕಟ್ಟುಗಳನ್ನು ಕಟ್ಟಿ, ಬಿಡಿ ಕಡ್ಡಿಗಳನ್ನು ಪಕ್ಕದಲ್ಲಿಟ್ಟು ಹೇಳಿಸಿದರೆ ತೊಡಕು ಕ್ರಮೇಣ ಬಿಡಿಸಿಕೊಳ್ಳುತ್ತದೆ.

ಇದಕ್ಕೆ ಮನೆಗಿಂತ ಉತ್ತಮವಾದ ತರಗತಿಯಿಲ್ಲ. ಊಟಕ್ಕೆ ಎಷ್ಟು ತಟ್ಟೆ ಬೇಕು, ಅತ್ತೆ ಬಂದರೆ ಇನ್ನೆಷ್ಟು ಬೇಕು. ಹತ್ತು ರೂಪಾಯಿಯಲ್ಲಿ ಆರು ರೂಪಾಯಿ ಕೊಟ್ಟರೆ ಅಂಗಡಿಯವರಿಂದ ಎಷ್ಟು ವಾಪಸು ಬರಬೇಕು ಎಂಬ ಪ್ರಶ್ನೆಗಳು ದಿನವೂ ದೊರೆಯುತ್ತವೆ. ಚೌಕಾಬಾರದಲ್ಲಿ ಕವಡೆ ಬಿದ್ದಷ್ಟು ಮನೆ ನಡೆಸುವ ಮಗು ಕೂಡುವುದನ್ನೂ, ಎದುರಾಳಿಯ ಕಾಯಿ ಎಷ್ಟು ಮನೆ ಮುಂದಿದೆ ಎಂದು ಲೆಕ್ಕ ಹಾಕುವಾಗ ಕಳೆಯುವುದನ್ನೂ ಕಲಿಯುತ್ತದೆ. ಕರಾವಳಿಯಲ್ಲಿ ಚೆನ್ನೆಮಣೆ ಎನ್ನಲಾಗುವ ಅಳಗುಳಿಮಣೆಯಲ್ಲಿ ಎರಡು ಸಾಲಿಗೆ ಏಳೇಳರಂತೆ 14 ಗುಳಿಗಳು. ಒಂದೊಂದು ಗುಳಿಗೆ ಒಂದೊಂದು ಕಾಳು ಬಿಡುತ್ತ ಹೋಗುವ ಆ ಆಟವು ‘ಒಂದಕ್ಕೆ ಒಂದು’ ಎಂಬ ಎಣಿಕೆಯ ನಿಯಮವನ್ನೇ ಬೆರಳಿಗೆ ಕಲಿಸುತ್ತದೆ. ಅಜ್ಜಿಯರ ಬಳಿ ಅಟ್ಟದ ಮೇಲೆ ಇಂತಹ ಮಣೆ ಇದ್ದರೆ ಕೆಳಗಿಳಿಸುವುದು ಒಳ್ಳೆಯದು.

ವರ್ಷದ ಕೊನೆಗೆ ಎಷ್ಟು ಬಂದಿರಬೇಕು ಎಂಬುದಕ್ಕೂ ಒಂದು ಅಳತೆ ಇದೆ. ಕೇಂದ್ರ ಶಿಕ್ಷಣ ಸಚಿವಾಲಯವು 2021ರ ಜುಲೈ 5ರಂದು ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮದಲ್ಲಿ ಒಂದನೆಯ ತರಗತಿಯ ಗುರಿಯನ್ನು ಹೀಗೆ ಹೇಳಲಾಗಿದೆ: ಮಗು ತನ್ನ ವಯಸ್ಸಿಗೆ ತಕ್ಕ, ಮೊದಲು ನೋಡಿರದ ಪಠ್ಯದಲ್ಲಿ ನಾಲ್ಕೈದು ಸರಳ ಪದಗಳಿರುವ ಸಣ್ಣ ವಾಕ್ಯಗಳನ್ನು ಓದಬೇಕು, 99ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು, ಸರಳವಾದ ಕೂಡುವ, ಕಳೆಯುವ ಲೆಕ್ಕಗಳನ್ನು ಮಾಡಬೇಕು. ಇದು ವರ್ಷದ ಕೊನೆಯ ಗುರಿ, ದಸರಾ ರಜೆಯದಲ್ಲ. ಪ್ರಬಂಧ, ಮಗ್ಗಿ, ಪ್ರಶ್ನೋತ್ತರಗಳ ಕಂಠಪಾಠ ಇದರಲ್ಲಿ ಇಲ್ಲವೆಂಬುದನ್ನು ಪಾಲಕರು ಗಮನಿಸಬಹುದು.

ಮನೆಗೆಲಸ ಮತ್ತು ಮನೆಪಾಠ

ರಾಜ್ಯ ಸರ್ಕಾರವು 2019ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶದಲ್ಲಿ ಒಂದು ಮತ್ತು ಎರಡನೆಯ ತರಗತಿಗಳ ಮಕ್ಕಳಿಗೆ ಮನೆಗೆಲಸ ನೀಡಬಾರದೆಂದೂ, ಅವರ ಶಾಲಾ ಚೀಲದ ತೂಕವು 1.5ರಿಂದ 2 ಕೆ.ಜಿ. ಮೀರಬಾರದೆಂದೂ ತಿಳಿಸಲಾಗಿದೆ. 2023ರಲ್ಲಿ ಇದನ್ನು ಶಾಲೆಗಳಿಗೆ ಪುನಃ ನೆನಪಿಸಲಾಯಿತು. ಆದ್ದರಿಂದ ಮಗು ಸಂಜೆ ಬರೆಯುವ ಕೆಲಸವಿಲ್ಲದೆ ಮನೆಗೆ ಬಂದರೆ ಶಾಲೆಯ ಮೇಲೆ ಸಂದೇಹಪಡಬೇಕಾಗಿಲ್ಲ. ಆರು ವರ್ಷದ ಮಗುವನ್ನು ಶಾಲೆಯಿಂದ ನೇರವಾಗಿ ಮನೆಪಾಠಕ್ಕೆ ಕಳುಹಿಸುವುದರಿಂದ ಆಗುವ ಹಾನಿ ಲಾಭಕ್ಕಿಂತ ಹೆಚ್ಚು. ಅಲ್ಲಿ ವರ್ಣಮಾಲೆಯ ಕ್ರಮ, ಇಲ್ಲಿ ರ ಗ ಸ ದ ಕ್ರಮ ಎಂದು ಮಗು ಎರಡು ದಾರಿಗಳ ನಡುವೆ ಸಿಲುಕುತ್ತದೆ; ಆಟದ ಹೊತ್ತೂ ಕಳೆದುಹೋಗುತ್ತದೆ.

ಓದು ಬರಹ ಬಾರದ ಪಾಲಕರು

ತಮಗೇ ಓದು ಬಾರದು, ಮಗುವಿಗೆ ಏನು ಹೇಳಿಕೊಡುವುದು ಎಂಬ ಸಂಕೋಚದಿಂದ ಅನೇಕ ತಾಯಂದಿರು ಶಾಲೆಯ ಸಭೆಗೂ ಬರುವುದಿಲ್ಲ. ಒಂದನೆಯ ತರಗತಿಯ ಮಗುವಿಗೆ ಮನೆಯಿಂದ ಬೇಕಾದ ನೆರವಿನಲ್ಲಿ ಹೆಚ್ಚಿನದಕ್ಕೆ ಅಕ್ಷರ ಬೇಕಿಲ್ಲ. ಶಾಲೆಯಲ್ಲಿ ಇಂದು ಏನಾಯಿತು, ಯಾವ ಹಾಡು ಹಾಡಿದಿರಿ, ಯಾವ ಕಾರ್ಡು ಬಂತು ಎಂದು ಕೇಳಿ, ಮಗು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳುವುದೇ ಮುಖ್ಯವಾದ ನೆರವು. ನಡೆದುದನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಹೇಳುವ ಅಭ್ಯಾಸವೇ ಮುಂದೆ ಓದಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಯಾಗುತ್ತದೆ. ಒಗಟು, ಕಥೆ, ಸೋಬಾನೆ ಪದ, ಬೀಸುವ ಪದ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರು ಮಗುವಿಗೆ ಒದಗಿಸುವ ಶಬ್ದಸಂಪತ್ತು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಮಗು ಓದಿದ್ದನ್ನು ಓದು ಬಾರದ ತಾಯಿಯೂ ಕೇಳಬಹುದು. ಬೆರಳಿಟ್ಟು ಓದು ಎಂದರೆ ಮಗು ಓದುತ್ತದೆ. ಎಲ್ಲಿ ತಡೆಯುತ್ತದೆ, ಎಲ್ಲಿ ಸರಾಗವಾಗಿ ಹೋಗುತ್ತದೆ ಎಂಬುದು ಅಕ್ಷರ ತಿಳಿಯದವರಿಗೂ ಕಿವಿಯಿಂದಲೇ ಗೊತ್ತಾಗುತ್ತದೆ. ಬಸ್ಸಿನ ಫಲಕ, ಅಂಗಡಿಯ ಹೆಸರು, ಬೆಂಕಿಪೊಟ್ಟಣದ ಚೀಟಿ, ಹಾಲಿನ ಪೊಟ್ಟಣ ಇವುಗಳಲ್ಲಿ ತನಗೆ ಗೊತ್ತಿರುವ ಅಕ್ಷರವನ್ನು ಹುಡುಕಿ ತೋರಿಸುವಂತೆ ಹೇಳಬಹುದು. ಮಗುವೇ ತಾಯಿಗೆ ಕಲಿಸುವ ಮನೆಗಳೂ ಇವೆ. ಅಂತಹ ಮನೆಯ ಮಗು ಮರೆಯುವುದು ಕಡಿಮೆ.

ಗೈರುಹಾಜರಿ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗಳಿಗೆ ವರ್ಷದಲ್ಲಿ ಕನಿಷ್ಠ 200 ಶಾಲಾ ದಿನಗಳು ಇರತಕ್ಕದ್ದು. ಏಣಿಯ ಪದ್ಧತಿಯಲ್ಲಿ ಗೈರುಹಾಜರಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಇದು ಅನುಕೂಲವೇ ಸರಿ. ಆದರೆ ಜಾತ್ರೆಗೆ ನಾಲ್ಕು ದಿನ, ಮದುವೆಗೆ ಒಂದು ವಾರ, ಸುಗ್ಗಿಗೆ ಹದಿನೈದು ದಿನ ಎಂದು ಬಿಡಿಸಿದರೆ ಮಗು ಅಕ್ಷರಗಳನ್ನು ಮರೆಯುತ್ತದೆ, ಜೊತೆಯ ಗೆಳೆಯರು ಬೇರೆ ತಟ್ಟೆಗೆ ಹೋಗಿರುತ್ತಾರೆ, ಶಾಲೆಗೆ ಹೋಗಲು ಅಳು ಆರಂಭವಾಗುತ್ತದೆ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಹೆಣ್ಣುಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ರೂಢಿ ಇರುವೆಡೆ, ಚಿಕ್ಕ ಮಗುವನ್ನು ಅಂಗನವಾಡಿಗೆ ಕಳುಹಿಸಿ ದೊಡ್ಡದನ್ನು ಶಾಲೆಗೆ ಕಳುಹಿಸತಕ್ಕದ್ದು.

ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ, ಕಟ್ಟಡ ಕೆಲಸಕ್ಕೆ ಬೇರೆ ಊರಿಗೆ ಹೋಗುವ ಕುಟುಂಬಗಳು ಮಗುವನ್ನು ಆ ಊರಿನ ಸರ್ಕಾರಿ ಶಾಲೆಗೆ ಸೇರಿಸಬಹುದು. ವರ್ಗಾವಣೆ ಪ್ರಮಾಣಪತ್ರ ಬರುವುದು ತಡವಾಯಿತೆಂಬ ಕಾರಣದಿಂದ ಅಲ್ಲಿ ಪ್ರವೇಶವನ್ನು ತಡೆಯುವಂತಿಲ್ಲ ಎಂದು ಕಾಯ್ದೆಯಲ್ಲಿಯೇ ಹೇಳಲಾಗಿದೆ. ಮಗು ಮುಗಿಸಿದ ಮೈಲಿಗಲ್ಲು ಯಾವುದೆಂದು ಹಿಂದಿನ ಶಾಲೆಯ ಶಿಕ್ಷಕರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಹೊಸ ಶಾಲೆಯ ಶಿಕ್ಷಕರು ಮಗುವಿಗೆ ಪುನಃ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.

ಮಗು ನಿಜವಾಗಿಯೂ ಹಿಂದುಳಿದಿದ್ದರೆ

ಮೇಲೆ ಹೇಳಿದ ಸಹಜ ತಪ್ಪುಗಳಿಗೂ, ಗಮನಿಸಲೇಬೇಕಾದ ಸೂಚನೆಗಳಿಗೂ ವ್ಯತ್ಯಾಸವಿದೆ. ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯುವುದು, ಹಲಗೆಯ ಮೇಲಿನದನ್ನು ಪಕ್ಕದವರ ಸ್ಲೇಟು ನೋಡಿ ಬರೆಯುವುದು, ಹಿಂದಿನಿಂದ ಕೂಗಿದರೆ ತಿರುಗದಿರುವುದು, ಹಾಡು ಮಾತುಗಳಲ್ಲಿ ಬಹಳ ತಿಂಗಳು ಭಾಗವಹಿಸದೆ ಇರುವುದು, ಶಾಲೆಯ ಹೆಸರೆತ್ತಿದರೆ ಹೆದರುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ಶಿಕ್ಷಕರಿಗೆ ತಿಳಿಸಬೇಕು. ದಡ್ಡತನವೆಂದು ತಿಳಿದದ್ದು ಎಷ್ಟೋ ವೇಳೆ ಒಂದು ಕನ್ನಡಕದ ಅಥವಾ ಕಿವಿಯ ಸೋಂಕಿನ ಚಿಕಿತ್ಸೆಯ ವಿಷಯವಾಗಿರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಸಲಾಗುತ್ತದೆ. ತಪಾಸಣೆಯ ದಿನ ಮಗು ತಪ್ಪದೆ ಶಾಲೆಯಲ್ಲಿರುವಂತೆ ನೋಡಿಕೊಳ್ಳುವುದು, ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರೆ ಅದನ್ನು ಪೆಟ್ಟಿಗೆಯಲ್ಲಿಡದೆ ಮಗುವನ್ನು ಕರೆದೊಯ್ಯುವುದು ಪಾಲಕರ ಹೊಣೆ.

ಮಗುವಿಗೆ ದೈಹಿಕ ಶಿಕ್ಷೆ ಅಥವಾ ಮಾನಸಿಕ ಹಿಂಸೆ ನೀಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ನಿಷೇಧಿಸಿದೆ. ಕೆಲವು ಪಾಲಕರು ತಾವಾಗಿಯೇ ಶಿಕ್ಷಕರಿಗೆ ‘ಎರಡು ಬಿಟ್ಟು ಕಲಿಸಿ’ ಎಂದು ಹೇಳುವುದುಂಟು. ಅಂತಹ ಅನುಮತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ದಾಖಲಾತಿಯ ವಿಷಯದಲ್ಲಿ

ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶಿಸಲಾಯಿತು. 2025-26ನೇ ಸಾಲಿಗೆ ಮಾತ್ರ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಆಯಾ ಸಾಲಿನ ದಾಖಲಾತಿ ಸುತ್ತೋಲೆಯನ್ನು ಮುಖ್ಯಶಿಕ್ಷಕರಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸುವುದು ಸೂಕ್ತ. ವಯಸ್ಸಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಆದರೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಪ್ರವೇಶಕ್ಕೆ ಮಗುವಿಗಾಗಲಿ ಪಾಲಕರಿಗಾಗಲಿ ಪರೀಕ್ಷೆ, ಸಂದರ್ಶನ ನಡೆಸುವಂತಿಲ್ಲ.

ಅರ್ಜಿಯಲ್ಲಿ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕಗಳನ್ನು ಬರೆಯುವಾಗ ಜನನ ಪ್ರಮಾಣಪತ್ರದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡತಕ್ಕದ್ದು. ಈ ದಿನ ದಾಖಲಾತಿ ವಹಿಯಲ್ಲಿ ಬರೆದ ಹೆಸರೇ ಮುಂದೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯವರೆಗೆ ಹೋಗುತ್ತದೆ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರನ್ನು ಬರೆಸಿ ಹತ್ತು ವರ್ಷಗಳ ಅನಂತರ ತಿದ್ದುಪಡಿಗೆ ಅಲೆಯುವವರು ಅನೇಕರಿದ್ದಾರೆ.

ಯಾರನ್ನು ಸಂಪರ್ಕಿಸಬೇಕು

ಮಗುವಿನ ಕಲಿಕೆಯ ವಿಷಯವನ್ನು ಮೊದಲು ತರಗತಿ ಶಿಕ್ಷಕರೊಂದಿಗೆ, ಅನಂತರ ಮುಖ್ಯಶಿಕ್ಷಕರೊಂದಿಗೆ ಚರ್ಚಿಸಬೇಕು. ಮಕ್ಕಳನ್ನು ಮನೆಗೆ ಬಿಡುವ ಗದ್ದಲದ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಕೇಳುವುದಕ್ಕಿಂತ, ಸಮಯ ಗೊತ್ತುಪಡಿಸಿಕೊಂಡು ಬಂದರೆ ಶಿಕ್ಷಕರು ಪ್ರಗತಿ ನೋಟವನ್ನೂ ಮಗುವಿನ ಬರವಣಿಗೆಯ ಹಾಳೆಗಳನ್ನೂ ತೆಗೆದು ತೋರಿಸಲು ಅನುಕೂಲ. ಕೊಠಡಿ, ಶಿಕ್ಷಕರ ಕೊರತೆ, ಬಿಸಿಯೂಟ, ಕುಡಿಯುವ ನೀರು, ಶೌಚಾಲಯ ಮುಂತಾದ ವಿಷಯಗಳನ್ನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೆ ತರಬಹುದು. ಈ ಸಮಿತಿಗಳು ರಾಜ್ಯದಲ್ಲಿ 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರತಕ್ಕದ್ದು. ಒಂದನೆಯ ತರಗತಿಯ ಮಗುವಿನ ತಾಯಿಯೂ ಸದಸ್ಯಳಾಗಬಹುದು. ಶಾಲೆಯ ಹಂತದಲ್ಲಿ ಪರಿಹಾರ ದೊರೆಯದಿದ್ದಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿಯವರಿಗೂ, ಅನಂತರ ಸಂಬಂಧಪಟ್ಟ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೂ ಲಿಖಿತವಾಗಿ ಮನವಿ ಸಲ್ಲಿಸಬಹುದು. ಮನವಿಯ ಒಂದು ಪ್ರತಿಗೆ ಕಚೇರಿಯಲ್ಲಿ ಸ್ವೀಕೃತಿಯ ಮೊಹರು ಮತ್ತು ದಿನಾಂಕವನ್ನು ಹಾಕಿಸಿಕೊಂಡು ತಮ್ಮ ಬಳಿ ಇರಿಸಿಕೊಳ್ಳತಕ್ಕದ್ದು.